ಬೇಸ್‌ಮೆಂಟ್ ಗೋಡೆ ಬಿರುಕು ಬಿಟ್ಟಾಗ: ತಳ್ಳುತ್ತಿರುವುದು ಯಾವುದು, ಹಿಡಿದಿರುವುದು ಯಾವುದು?

ಮಳೆಗಾಲ ಮುಗಿಯುತ್ತಾ ಬಂದಾಗ ಬೆಂಗಳೂರಿನಲ್ಲಿ ಮನೆ ಕಟ್ಟಿಸಿದವರಿಂದ ನನಗೆ ಬರುವ ಕರೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಕೆಳಗಿನ ಪಾರ್ಕಿಂಗ್ ಗೋಡೆಯಲ್ಲಿ ಅಡ್ಡ ಬಿರುಕು ಬಂದಿದೆ, ಗೋಡೆ ತೇವ ಹಿಡಿದಿದೆ, ಯಾವ ವಾಟರ್‌ಪ್ರೂಫಿಂಗ್ ಹಚ್ಚಿಸಿದರೆ ಒಳ್ಳೆಯದು ಎಂದು ಕೇಳುತ್ತಾರೆ. ಹಚ್ಚುವ ಮಾತು ಕೊನೆಗೆ ಬರಬೇಕಾದದ್ದು. ನೆಲದೊಳಗಿನ ಗೋಡೆಯನ್ನು ಮಣ್ಣು ಒಂದು ಕಡೆಯಿಂದ ಬಿಡುವಿಲ್ಲದೆ ತಳ್ಳುತ್ತಿರುತ್ತದೆ. ಅದನ್ನು ಯಾವುದೋ ಒಂದು ಹಿಡಿದು ನಿಲ್ಲಿಸಿರಬೇಕು, ಅದು ಕೆಳಗಿನ ಫುಟಿಂಗ್ (ಗೋಡೆಯ ಬುಡದ ಅಗಲ ಪಾಯ) ಇರಬಹುದು, ಮೇಲಿನ ಸ್ಲ್ಯಾಬ್ ಇರಬಹುದು, ಅಡ್ಡಗೋಡೆ ಇರಬಹುದು. ಬಿರುಕು ಬಂತೆಂದರೆ ತಳ್ಳುವುದು ಹೆಚ್ಚಾಗಿದೆ, ಇಲ್ಲವೇ ಹಿಡಿಯುವುದು ಮೊದಲಿನಿಂದಲೂ ಸಾಲದಾಗಿದೆ. ನಾನು ನೋಡಿದ ಮನೆಗಳಲ್ಲಿ ತಳ್ಳುವುದನ್ನು ಹೆಚ್ಚಿಸಿದ್ದು ಬಹುಪಾಲು ನೀರು. ಹಿಡಿಯುವುದರ ಕೊರತೆ ಬಹುಪಾಲು ಗೋಡೆಯ ತಲೆಯ ಹತ್ತಿರ ಇರುತ್ತದೆ. ಈ ಎರಡನ್ನೂ ಪತ್ತೆ ಹಚ್ಚದೆ ಮಾಡುವ ಯಾವ ದುರಸ್ತಿಯೂ ಮುಂದಿನ ಮಳೆಯವರೆಗೆ ಮಾತ್ರ.

ಮೊದಲು ಅಪಾಯ ಇದೆಯೇ ನೋಡಿ

ಕಾರಣ ಹುಡುಕುವುದಕ್ಕೆ ಸಮಯ ಇದೆಯೋ ಇಲ್ಲವೋ ಎನ್ನುವುದು ಮೊದಲ ಪ್ರಶ್ನೆ. ಬಿರುಕಿನ ಮೇಲೆ ಅಡ್ಡವಾಗಿ ಬೆರಳಾಡಿಸಿ. ಒಂದು ಅಂಚು ಇನ್ನೊಂದಕ್ಕಿಂತ ಮುಂದೆ ಬಂದಿದ್ದು ಬೆರಳಿಗೆ ತಾಗಿದರೆ ಗೋಡೆ ಬರೀ ಬಾಗಿಲ್ಲ, ಜಾರಿದೆ. ಕಬ್ಬಿಣವಿಲ್ಲದ ಇಟ್ಟಿಗೆ ಅಥವಾ ಬ್ಲಾಕ್ ಗೋಡೆ ಒಂದು ಇಂಚಿನಷ್ಟು ಒಳಕ್ಕೆ ಉಬ್ಬಿದ್ದರೆ, ಎರಡು ಮಳೆಗಳ ನಡುವೆ ಬಿರುಕು ಕಣ್ಣಿಗೆ ಕಾಣುವಷ್ಟು ಅಗಲವಾಗಿದ್ದರೆ, ಸೋರುವ ನೀರಿನ ಜೊತೆ ಮಣ್ಣು ಬರುತ್ತಿದ್ದರೆ ಅದು ತುರ್ತು. ಕೊನೆಯದನ್ನು ಒತ್ತಿ ಹೇಳುತ್ತೇನೆ. ತಿಳಿ ನೀರು ಬಂದರೆ ಸೋರಿಕೆ. ಕದಡಿದ ನೀರು ಬಂದರೆ ಗೋಡೆಯ ಹಿಂದೆ ಮಣ್ಣು ಕೊಚ್ಚಿಹೋಗಿ ಪೊಳ್ಳಾಗುತ್ತಿದೆ ಎಂದರ್ಥ, ಮೇಲಿರುವ ಕಾಂಪೌಂಡ್ ಗೋಡೆಗೂ ಪಕ್ಕದ ಮನೆಯ ಪಾಯಕ್ಕೂ ಅದರಿಂದ ಅಪಾಯ.

ಹಾಗಿದ್ದರೆ ಗೋಡೆಯ ಹೊರಮಗ್ಗುಲಲ್ಲಿ ನಿಲ್ಲಿಸಿದ ಕಾರು, ರಾಶಿ ಹಾಕಿದ ಜಲ್ಲಿ-ಮರಳು, ನೀರಿನ ಡ್ರಮ್ಮು ಎಲ್ಲವನ್ನೂ ತೆಗೆಸಿ. ಆ ಗೋಡೆಯ ಹತ್ತಿರ ಯಾರೂ ಮಲಗಬಾರದು. ವಾಚ್‌ಮನ್ ಕುಟುಂಬ ಬೇಸ್‌ಮೆಂಟಿನಲ್ಲೇ ವಾಸವಿರುವುದು ನಮ್ಮಲ್ಲಿ ಮಾಮೂಲಿ, ಆದ್ದರಿಂದ ಇದನ್ನು ಕೇಳಿಯೇ ತಿಳಿದುಕೊಳ್ಳಿ. ಆಸರೆ ಕೊಡುವಾಗ ಸ್ಲ್ಯಾಬಿಗೆ ನೆಟ್ಟಗೆ ಜಾಕಿ ನಿಲ್ಲಿಸಿ ಸುಮ್ಮನಾಗುತ್ತಾರೆ, ಅಡ್ಡ ಒತ್ತಡಕ್ಕೆ ಅದರಿಂದ ಏನೂ ಉಪಯೋಗವಿಲ್ಲ. ಉಬ್ಬಿದ ಜಾಗದಲ್ಲಿ ಗೋಡೆಗೆ ದಪ್ಪ ಹಲಗೆ ಒತ್ತಿ, ಅದಕ್ಕೆ ಓರೆಯಾಗಿ ಜಾಕಿ ಕೊಟ್ಟು, ಜಾಕಿಯ ಬುಡ ಜಾರದಂತೆ ನೆಲದಲ್ಲಿ ಕಟ್ಟೆ ಕಟ್ಟಬೇಕು. ಒತ್ತಡ ಇಳಿಸಲೆಂದು ಹೊರಗಡೆ ಜೆಸಿಬಿ ತರಿಸಿ ಉದ್ದಕ್ಕೂ ಅಗೆಸಬೇಡಿ. ಒಂದೂವರೆ ಮೀಟರಿಗಿಂತ ಆಳದ ಕಂದಕಕ್ಕೆ ಆಧಾರ ಕೊಟ್ಟೇ ಇಳಿಯಬೇಕೆಂದು ಅಗೆತದ ಸುರಕ್ಷತೆಯ ಭಾರತೀಯ ಮಾನಕ ಐಎಸ್ 3764 ಹೇಳುತ್ತದೆ. ಅದನ್ನು ಬಿಟ್ಟು ಕೂಲಿಯವರನ್ನು ಒದ್ದೆ ಮಣ್ಣಿನ ಕಂದಕಕ್ಕೆ ಇಳಿಸುವುದು ಅವರ ಜೀವದ ಜೊತೆ ಆಡಿದಂತೆ.

ತೂಗುಗುಂಡು ಇಳಿಬಿಟ್ಟು ಅಳೆಯಿರಿ

ತುರ್ತು ಇಲ್ಲವೆಂದಾದರೆ ಅಳತೆ ಮಾಡಿ. ಇದಕ್ಕೆ ಎಂಜಿನಿಯರ್ ಬೇಕಿಲ್ಲ. ಸೀಲಿಂಗ್ ಹತ್ತಿರ ಗೋಡೆಯಿಂದ 50 ಮಿಮೀ ಮುಂದಕ್ಕೆ ಬರುವಂತೆ ಒಂದು ಮರದ ತುಂಡು ಬಡಿದು, ಅದರಿಂದ ತೂಗುಗುಂಡು ಇಳಿಬಿಡಿ. ಗುಂಡು ಬಕೆಟ್ಟಿನ ನೀರಿನಲ್ಲಿ ಮುಳುಗಿರಲಿ, ಬೇಗ ಅಲುಗಾಟ ನಿಲ್ಲುತ್ತದೆ. ಮೇಲಿನಿಂದ ಕೆಳಗೆ ಅಡಿಗೊಮ್ಮೆ ದಾರಕ್ಕೂ ಗೋಡೆಗೂ ಇರುವ ಅಂತರವನ್ನು ಅಳೆದು ಬರೆದುಕೊಳ್ಳಿ. ಗೋಡೆಯ ನಡುವೆ ಒಂದು ಸಾಲು, ಎರಡೂ ಮೂಲೆಗಳ ಹತ್ತಿರ ಒಂದೊಂದು ಸಾಲು ಸಾಕು.

ಮೂಲೆಯ ಸಾಲುಗಳನ್ನು ಬಿಡಬೇಡಿ. ಮೂಲೆಯಲ್ಲಿ ಅಡ್ಡಗೋಡೆ ಹಿಡಿದಿರುವುದರಿಂದ ಅಲ್ಲಿ ಗೋಡೆ ಕದಲುವುದು ಕಡಿಮೆ. ಅಲ್ಲಿಯೂ ನಡುವಿನಲ್ಲಿಯೂ ಒಂದೇ ತೆರನಾದ ಸೊಟ್ಟ ಕಂಡರೆ ಅದು ಕಟ್ಟುವಾಗಲೇ ಬಂದ ಸೊಟ್ಟ. ಮೂಲೆ ನೇರವಾಗಿದ್ದು ನಡು ಮಾತ್ರ ಮುಂದೆ ಬಂದಿದ್ದರೆ ಅದು ಒತ್ತಡದ ಕೆಲಸ. ನಡುವಿನ ಸಾಲಿನ ಅಂಕಿಗಳು ಇನ್ನೂ ಹೆಚ್ಚು ಹೇಳುತ್ತವೆ. ಮೇಲೆ 50, ಅರ್ಧದಲ್ಲಿ 35, ಬುಡದಲ್ಲಿ 50 ಎಂದು ಬಂದರೆ ಗೋಡೆಯ ತಲೆ-ಬುಡ ಎರಡೂ ಹಿಡಿದಿವೆ, ಹೊಟ್ಟೆ ಉಬ್ಬಿದೆ. ಬುಡದಿಂದ ಮೇಲೆ ಹೋದಂತೆಲ್ಲ ಗೋಡೆ ಒಂದೇ ಸಮನೆ ಒಳಕ್ಕೆ ವಾಲುತ್ತಾ ಬಂದಿದ್ದರೆ ತಲೆಗೆ ಹಿಡಿತವೇ ಇಲ್ಲ. ಮೇಲೆಲ್ಲ ನೇರವಿದ್ದು, ಬುಡದ ಮೊದಲ ವರಸೆಯ ಹತ್ತಿರ ಥಟ್ಟನೆ ಅಂತರ ಬದಲಾದರೆ ಗೋಡೆ ಪಾಯದ ಮೇಲಿಂದ ಜಾರಿದೆ.

ಬಿರುಕು ಬೆಳೆಯುತ್ತಿದೆಯೇ ಎಂದು ತಿಳಿಯಲು ಅದರ ಎರಡೂ ತುದಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಕು ಬರೆಯಿರಿ. ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿಯನ್ನು ಎರಡು ಬದಿಗೂ ಅಂಟಿಸಿದರೆ, ಗೋಡೆ ಕದಲಿದ ದಿನ ಗಾಜು ಸೀಳುತ್ತದೆ. ಎಷ್ಟು ಕದಲಿತೆಂದು ಬೇಕಿದ್ದರೆ ಬಿರುಕಿನ ಆಚೀಚೆ ಎರಡು ಸ್ಕ್ರೂ ಕೂರಿಸಿ ವರ್ನಿಯರ್ ಕ್ಯಾಲಿಪರಿನಲ್ಲಿ ಅಳೆಯಿರಿ. ಒಂದು ಜೋರು ಮಳೆ, ಅದರ ನಂತರದ ಒಂದು ಒಣಹವೆ ಎರಡನ್ನೂ ಈ ಅಳತೆ ದಾಟಬೇಕು. ಮಳೆಯಲ್ಲಿ ಅಗಲವಾಗಿ ಒಣಗಿದಾಗ ಕೂಡಿಕೊಂಡರೆ ಬಹುತೇಕ ನೀರಿನ ಒತ್ತಡ. ಮಳೆಯ ಲೆಕ್ಕವಿಲ್ಲದೆ ಒಂದೇ ದಿಕ್ಕಿನಲ್ಲಿ ಹೆಚ್ಚುತ್ತಾ ಹೋದರೆ ಪಾಯ ಕುಸಿಯುತ್ತಿದೆಯೇ, ಪಕ್ಕದಲ್ಲಿ ಯಾರಾದರೂ ಅಗೆದಿದ್ದಾರೆಯೇ ನೋಡಬೇಕು. ಕಾಂಕ್ರೀಟ್ ಗೋಡೆಯಲ್ಲಿ ಎಷ್ಟು ಅಗಲ ಸಹ್ಯ ಎನ್ನುವುದಕ್ಕೆ ಕಾಂಕ್ರೀಟಿನ ಮಾನಕ ಐಎಸ್ 456 ಒಂದು ಅಂಕಿ ಕೊಡುತ್ತದೆ: ಮಣ್ಣು ಅಥವಾ ಅಂತರ್ಜಲಕ್ಕೆ ತಾಗಿದ ಭಾಗದಲ್ಲಿ 0.2 ಮಿಮೀ.

ಬಿರುಕಿನ ಆಕಾರ

ಬ್ಲಾಕ್ ಅಥವಾ ಇಟ್ಟಿಗೆಯ ಗೋಡೆಯಲ್ಲಿ ಮಣ್ಣಿನ ಒತ್ತಡದ ಗುರುತು ಬಹಳ ಸ್ಪಷ್ಟ. ಅರ್ಧ ಎತ್ತರಕ್ಕಿಂತ ಸ್ವಲ್ಪ ಕೆಳಗೆ, ಗಾರೆಯ ಸಂದಿನಗುಂಟ ಒಂದು ಅಡ್ಡ ಬಿರುಕು ಸಾಗುತ್ತದೆ. ಎರಡೂ ಮೂಲೆ ಹತ್ತಿರವಾದಾಗ ಅದು ಕವಲೊಡೆದು ಮೆಟ್ಟಿಲು ಮೆಟ್ಟಿಲಾಗಿ ಮೇಲಕ್ಕೂ ಕೆಳಕ್ಕೂ ಓಡುತ್ತದೆ, ಅಂಚೆ ಲಕೋಟೆಯ ಹಿಂಬದಿಯ ಮಡಿಕೆಗಳ ಹಾಗೆ. ಮಣ್ಣಿನ ಒತ್ತಡ ಆಳಕ್ಕೆ ಹೋದಷ್ಟೂ ಹೆಚ್ಚುವುದರಿಂದ ಬಾಗುವ ಬಲ ಅತಿ ಹೆಚ್ಚಾಗುವುದು ಸರಿಯಾಗಿ ಮಧ್ಯದಲ್ಲಲ್ಲ. ಮೇಲೂ ಕೆಳಗೂ ಹಿಡಿದಿರುವ 3 ಮೀಟರ್ ಗೋಡೆಯಲ್ಲಿ ಅದು ನೆಲದಿಂದ ಸುಮಾರು 1.27 ಮೀಟರ್ ಎತ್ತರದಲ್ಲಿ. ನಿಮ್ಮ ಬಿರುಕೂ ಆಸುಪಾಸಿನಲ್ಲಿದ್ದರೆ ಕಾರಣ ಹೆಚ್ಚು ಹುಡುಕಬೇಕಿಲ್ಲ.

ಮೂಲೆಯಲ್ಲಿ ಮಾತ್ರ ಮೆಟ್ಟಿಲು ಬಿರುಕು ಇದ್ದು ಗೋಡೆ ಉಬ್ಬಿರದಿದ್ದರೆ ಅದು ಪಾಯದ ತೊಂದರೆ, ಪಾಯ ಒಂದು ಕಡೆ ಇಳಿದಿರಬಹುದು ಅಥವಾ ಎದ್ದಿರಬಹುದು. ಕಾಂಕ್ರೀಟ್ ಗೋಡೆಯಲ್ಲಿ ಕೆಲವು ಅಡಿಗಳಿಗೊಂದರಂತೆ ನೆಟ್ಟಗೆ ಕೂದಲೆಳೆಯ ಬಿರುಕುಗಳು ಬಂದಿದ್ದರೆ ಅದಕ್ಕೂ ಮಣ್ಣಿಗೂ ಸಂಬಂಧವಿಲ್ಲ. ಕಾಂಕ್ರೀಟ್ ಒಣಗಿ ಕುಗ್ಗಿದೆ, ಅಡ್ಡ ಕಂಬಿ ಸಾಲದಾಗಿದೆ. ಐಎಸ್ 456 ಗೋಡೆಗೆ ಕೇಳುವ ಅಡ್ಡ ಕಂಬಿ ಕನಿಷ್ಠ 0.2 ಶೇಕಡಾ, ಅಂದರೆ 200 ಮಿಮೀ ದಪ್ಪದ ಗೋಡೆಯಲ್ಲಿ ಎರಡೂ ಮೈಗೆ 8 ಮಿಮೀ ಕಂಬಿ 250 ಮಿಮೀ ಅಂತರದಲ್ಲಿ. ಅಂಥ ಬಿರುಕಿನಿಂದ ನೀರು ಬಂದೀತು, ಗೋಡೆ ಬೀಳದು. ಕಂಬಿ ಇರುವ ಸಾಲಿನಗುಂಟವೇ, ಒಂದೇ ಅಂತರದಲ್ಲಿ, ತುಕ್ಕಿನ ಕಲೆಯೊಡನೆ ಬಿರುಕುಗಳಿದ್ದರೆ ಕವರ್, ಅಂದರೆ ಕಂಬಿಯನ್ನು ಮುಚ್ಚುವ ಕಾಂಕ್ರೀಟ್ ಪದರ, ಸಾಲದೆ ಕಂಬಿಗೆ ತುಕ್ಕು ಹಿಡಿದಿದೆ.

ಕಾಂಕ್ರೀಟ್ ಗೋಡೆಯ ವಿಷಯದಲ್ಲಿ ಒಂದು ಎಚ್ಚರಿಕೆ. ಬಾಗುವಾಗ ಗೋಡೆಯ ಎಳೆಯಲ್ಪಡುವ ಮೈಯಲ್ಲಿ ಬಿರುಕು ಬರುತ್ತದೆ. ತಲೆ-ಬುಡ ಹಿಡಿದಿರುವ ಗೋಡೆಯಲ್ಲಿ ನಡುವಿನ ಒಳಮೈ ಎಳೆಯಲ್ಪಡುತ್ತದೆ, ಬಿರುಕು ನಿಮಗೆ ಕಾಣುತ್ತದೆ. ತಲೆಗೆ ಹಿಡಿತವಿಲ್ಲದೆ ಬುಡದಿಂದಷ್ಟೇ ನಿಂತ ಗೋಡೆಯಲ್ಲಿ ಎಳೆತವಿರುವುದು ಬುಡದಲ್ಲಿ, ಅದೂ ಮಣ್ಣಿನ ಕಡೆ. ಅಲ್ಲಿ ಬಿರುಕು ಬಿಟ್ಟರೂ ಒಳಗಿನಿಂದ ಏನೂ ಕಾಣುವುದಿಲ್ಲ. ವಾಲಿದ ಗೋಡೆಯಲ್ಲಿ ಬಿರುಕಿಲ್ಲ ಎಂದು ಸಮಾಧಾನಪಡಬೇಡಿ.

ನೀರು ಸೇರಿದಾಗ ಒತ್ತಡ ಎಷ್ಟಾಗುತ್ತದೆ

ಒಂದು ಸರಳ ಲೆಕ್ಕ ಮಾಡೋಣ. ಗೋಡೆಯ ಎತ್ತರ 3 ಮೀಟರ್, ಅಂದರೆ ಸುಮಾರು 10 ಅಡಿ. ಹಿಂದೆ ತುಂಬಿದ ಗರಸು ಮಿಶ್ರಿತ ಕೆಂಪು ಮಣ್ಣು ಘನ ಮೀಟರಿಗೆ 1.8 ಟನ್. ಗೋಡೆ ಕದಲದೆ ನಿಂತಿದ್ದರೆ ಇಂಥ ಮಣ್ಣಿನ ಅಡ್ಡ ಒತ್ತಡ ಅದರ ಲಂಬ ಒತ್ತಡದ ಸುಮಾರು ಅರ್ಧ. ಗೋಡೆಯ ಪ್ರತಿ ಮೀಟರ್ ಉದ್ದಕ್ಕೆ ಒಟ್ಟು ತಳ್ಳು 4 ಟನ್ ಬರುತ್ತದೆ, ಬುಡದಿಂದ ಒಂದು ಮೀಟರ್ ಎತ್ತರದಲ್ಲಿ. ಈಗ ಅದೇ ಮಣ್ಣಿನಲ್ಲಿ ಮೇಲಿನವರೆಗೆ ನೀರು ನಿಂತಿತು ಎಂದುಕೊಳ್ಳಿ. ಮುಳುಗಿದ ಮಣ್ಣು ಹಗುರಾಗುತ್ತದೆ, ಅದರ ತಳ್ಳು 2.25 ಟನ್ನಿಗೆ ಇಳಿಯುತ್ತದೆ. ಆದರೆ ನೀರೇ 4.5 ಟನ್ ತಳ್ಳುತ್ತದೆ, ನೀರಿಗೆ ಮಣ್ಣಿನಂತೆ ಅರ್ಧ ಎಂಬ ರಿಯಾಯಿತಿ ಇಲ್ಲ. ಒಟ್ಟು 6.75 ಟನ್. ಒಂದು ರಾತ್ರಿಯ ಮಳೆಗೆ ಒತ್ತಡ ಮೂರನೇ ಎರಡು ಭಾಗದಷ್ಟು ಹೆಚ್ಚಾಯಿತು. ಗೋಡೆಯ ಪಕ್ಕ ಕಾರು ನಿಲ್ಲಿಸುವ ಜಾಗವಿದ್ದು ಚದರ ಮೀಟರಿಗೆ ಒಂದು ಟನ್ ಭಾರವೆಂದು ಹಿಡಿದರೆ ಇನ್ನೂ ಒಂದೂವರೆ ಟನ್ ಸೇರುತ್ತದೆ.

ಆದ್ದರಿಂದ ಮೊದಲು ಹುಡುಕಬೇಕಾದದ್ದು ನೀರಿನ ಮೂಲ. ಗೋಡೆಯ ಮೇಲಿನ ತೇವ ಒಳಗಿನ ಹವೆಯದೋ ಹೊರಗಿನಿಂದ ಬಂದದ್ದೋ ಎಂದು ತಿಳಿಯಲು ಒಂದು ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಹಾಕಿ ಗೋಡೆಗೆ ಅಂಟಿಸಿ, ಒಂದೆರಡು ದಿನ ಬಿಡಿ. ಹನಿ ಹಾಳೆಯ ಹಿಂದೆ ಕಟ್ಟಿದರೆ ನೀರು ಗೋಡೆಯೊಳಗಿನಿಂದ ಬರುತ್ತಿದೆ, ಮುಂದೆ ಕಟ್ಟಿದರೆ ಗಾಳಿಯ ತೇವ. ಬಿಳಿ ಉಪ್ಪು ಎದ್ದಿದ್ದರೆ ಅದರ ಮೇಲಂಚಿಗೆ ಗುರುತು ಹಾಕಿ, ನೀರು ಎಲ್ಲಿಯವರೆಗೆ ಏರುತ್ತಿತ್ತು ಎಂಬ ಅಂದಾಜು ಸಿಗುತ್ತದೆ.

ಆಮೇಲೆ ಹೊರಗೆ ಬನ್ನಿ. ಟೆರೇಸಿನ ಪೈಪು ಎಲ್ಲಿ ಬಂದು ಬೀಳುತ್ತದೆ ನೋಡಿ. ಸಾವಿರ ಚದರಡಿಯ ಚಾವಣಿಯ ಮೇಲೆ 50 ಮಿಮೀ ಮಳೆ ಬಿದ್ದರೆ ಇಳಿಯುವ ನೀರು ಸುಮಾರು 4,600 ಲೀಟರ್, ಒಂದು ಸಣ್ಣ ಟ್ಯಾಂಕರ್. ಬೆಂಗಳೂರಿನ ಸಂಜೆ ಮಳೆಗೆ 50 ಮಿಮೀ ದೊಡ್ಡದಲ್ಲ. ಅಷ್ಟೂ ಮೂರಡಿ ಅಗಲದ ಸೆಟ್‌ಬ್ಯಾಕಿನಲ್ಲಿ (ಮನೆಗೂ ಕಾಂಪೌಂಡಿಗೂ ನಡುವೆ ಬಿಟ್ಟ ಜಾಗ), ಗೋಡೆಯ ಹಿಂದೆ ಸಡಿಲವಾಗಿ ತುಂಬಿದ ಮಣ್ಣಿಗೆ ಇಳಿಯುತ್ತದೆ. ನಾನು ಹೋಗಿ ನೋಡಿದ ಒಂದು 30×40 ಸೈಟಿನ ಮನೆಯಲ್ಲಿ ಸೆಟ್‌ಬ್ಯಾಕಿಗೆ ಟೈಲ್ಸ್ ಚೆನ್ನಾಗಿಯೇ ಹಾಕಿದ್ದರು, ಆದರೆ ಕೆಳಗಿನ ಮಣ್ಣು ಕೂತು ಟೈಲ್ಸ್ ಮನೆಯ ಕಡೆಗೇ ಇಳಿಜಾರಾಗಿತ್ತು. ಗೋಡೆಯ ಅಂಚಿನಲ್ಲಿ ಕಿರುಬೆರಳು ತೂರುವಷ್ಟು ಸಂದು. ಒಂದು ಬಕೆಟ್ ನೀರು ಸುರಿದೆವು, ಪೂರ್ತಿ ಆ ಸಂದಿನೊಳಗೆ ಇಳಿದುಹೋಯಿತು, ಒಂದು ಹನಿಯೂ ಚರಂಡಿಯ ಕಡೆ ಹೋಗಲಿಲ್ಲ. ಒಳಗಡೆ ಗೋಡೆಯಲ್ಲಿ ಅತಿ ಹೆಚ್ಚು ಉಬ್ಬಿದ್ದ ಜಾಗ ಸರಿಯಾಗಿ ಅದರ ಹಿಂದೆಯೇ ಇತ್ತು.

ಇಂಗುಗುಂಡಿಯನ್ನೂ ನೋಡಿ. ಮಳೆನೀರು ಕೊಯ್ಲು ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಜಾಗವಿಲ್ಲವೆಂದು ಇಂಗುಗುಂಡಿಯನ್ನು ಬೇಸ್‌ಮೆಂಟ್ ಗೋಡೆಯ ಮಗ್ಗುಲಿಗೇ ತೋಡಿದರೆ ಇಡೀ ಚಾವಣಿಯ ನೀರನ್ನು ನಾವೇ ಗೋಡೆಯ ಬೆನ್ನಿಗೆ ಕಟ್ಟಿದಂತೆ. ಸಂಪು ಸೋರುತ್ತಿದೆಯೇ ನೋಡಲು ರಾತ್ರಿ ಒಳಹರಿವಿನ ವಾಲ್ವ್ ಮುಚ್ಚಿ, ಮೋಟರ್ ಹಾಕದೆ, ನೀರಿನ ಮಟ್ಟಕ್ಕೆ ಗುರುತು ಹಾಕಿ ಬೆಳಗ್ಗೆ ನೋಡಿ. ಬೇಸಿಗೆಯಲ್ಲೂ ಗೋಡೆ ಒದ್ದೆಯಾಗಿಯೇ ಇದ್ದರೆ ಮಳೆಯನ್ನು ಬಿಟ್ಟು ಸಂಪು, ಒಳಚರಂಡಿ ಚೇಂಬರು, ಕಾವೇರಿ ಪೈಪುಗಳ ಕಡೆ ತಿರುಗಬೇಕು. ಕೆರೆಯಂಗಳದಲ್ಲಿ ಅಥವಾ ರಾಜಕಾಲುವೆ ಬದಿಯಲ್ಲಿ ಎದ್ದ ಬಡಾವಣೆಗಳಲ್ಲಿ ಅಂತರ್ಜಲವೇ ಮೇಲಿರುತ್ತದೆ. 2022ರ ಸೆಪ್ಟೆಂಬರ್ ಮೊದಲ ವಾರದ ಮಳೆಗೆ ಬೆಂಗಳೂರಿನ ಪೂರ್ವ ಭಾಗದಲ್ಲಿ ಬೇಸ್‌ಮೆಂಟುಗಳು ಹೇಗೆ ತುಂಬಿದವೆಂದು ಎಲ್ಲರೂ ನೋಡಿದ್ದೇವೆ. ಅಂಥ ಜಾಗದಲ್ಲಿ ನೀರು ಮೇಲಿನವರೆಗೂ ನಿಲ್ಲುತ್ತದೆ ಎಂದೇ ಲೆಕ್ಕ ಹಾಕಬೇಕು.

ಹಿಡಿಯುವುದು ಎಲ್ಲಿ ತಪ್ಪಿದೆ

ಗೋಡೆ ಯಾವುದರದ್ದು ಎಂದು ಮೊದಲು ತಿಳಿಯಿರಿ. ಪ್ಲಾಸ್ಟರ್ ಕೆತ್ತಿ ನೋಡಿದರೆ ಎಷ್ಟೋ ಮನೆಗಳಲ್ಲಿ ಕಾಲಂಗಳ ನಡುವೆ 6 ಇಂಚು ಅಥವಾ 8 ಇಂಚಿನ ಸಾಲಿಡ್ ಬ್ಲಾಕ್ ಸಿಗುತ್ತದೆ, ಮೇಲಿನ ಮಹಡಿಯಲ್ಲಿ ಕಟ್ಟುವಂಥದೇ ಗೋಡೆ. ಮೇಲೆ ಹೇಳಿದ 4 ಟನ್ ತಳ್ಳನ್ನು ಇಂಥ 8 ಇಂಚಿನ ಗೋಡೆ ತಲೆಯಿಂದ ಬುಡಕ್ಕೆ ಬಾಗಿ ತಡೆಯಬೇಕಾದರೆ ಅದರ ಒಳಮೈಯಲ್ಲಿ ಚದರ ಮಿಲಿಮೀಟರಿಗೆ 2.3 ನ್ಯೂಟನ್ ಎಳೆತ ಬರುತ್ತದೆ. ಒಳ್ಳೆಯ ಗಾರೆಯಲ್ಲಿ ಕಟ್ಟಿದ ಬಿಡಿಗೋಡೆಗೆ ಇಟ್ಟಿಗೆ-ಬ್ಲಾಕ್ ಗೋಡೆಗಳ ಮಾನಕ ಐಎಸ್ 1905 ಈ ದಿಕ್ಕಿನಲ್ಲಿ ಒಪ್ಪುವುದು 0.07 ಮಾತ್ರ. ಮಣ್ಣು ತಡೆಯುವ ಗೋಡೆಗೆ ಅದನ್ನೂ ಒಪ್ಪುವುದಿಲ್ಲ, ಸೊನ್ನೆ ಎನ್ನುತ್ತದೆ. ಹಿಂದೆ ನೀರು ಇರುವ ಸಾಧ್ಯತೆ ಇದೆ ಎಂಬುದೇ ಅದು ಕೊಡುವ ಕಾರಣ. ಕಾಲಂಗಳು ಹತ್ತಿರ ಹತ್ತಿರ ಇದ್ದರೆ ಗೋಡೆಗೆ ಒಂದಿಷ್ಟು ನೆರವು ಸಿಕ್ಕು ವರ್ಷಗಟ್ಟಲೆ ನಿಂತೀತು, ಆದರೆ ಅದು ಲೆಕ್ಕದ ಬಲದಿಂದ ನಿಂತದ್ದಲ್ಲ. ಸೈಜುಗಲ್ಲಿನ ಗೋಡೆಯ ಮಾತು ಬೇರೆ. ಅದು ತನ್ನ ತೂಕದಿಂದ ನಿಲ್ಲುತ್ತದೆ, ಬುಡದ ಅಗಲ ಎತ್ತರದ ಅರ್ಧದಷ್ಟಾದರೂ ಇರಬೇಕು. ಹತ್ತಡಿ ಎತ್ತರಕ್ಕೆ ಒಂದೂವರೆ ಅಡಿ ಕಲ್ಲುಗೋಡೆ ಸಾಲದು.

ಕಾಂಕ್ರೀಟ್ ಗೋಡೆಯಾದರೆ ಮೂರು ಕಡೆ ನೋಡಿ.

ಮೊದಲನೆಯದು ಗೋಡೆಯ ತಲೆ. ನಮ್ಮಲ್ಲಿ ಅರ್ಧ ನೆಲದೊಳಗೆ, ಅರ್ಧ ಹೊರಗೆ ಇರುವ ಬೇಸ್‌ಮೆಂಟೇ ಹೆಚ್ಚು. ಗಾಳಿ-ಬೆಳಕಿಗೆಂದು ಗೋಡೆಯನ್ನು ಸ್ಲ್ಯಾಬಿಗಿಂತ ಎರಡಡಿ ಕೆಳಗೇ ನಿಲ್ಲಿಸಿ ಉದ್ದಕ್ಕೂ ವೆಂಟಿಲೇಟರ್ ಬಿಡುತ್ತಾರೆ. ಡ್ರಾಯಿಂಗಿನಲ್ಲಿ ಗೋಡೆ ಸ್ಲ್ಯಾಬಿಗೆ ಒರಗಿದೆ ಎಂದು ಲೆಕ್ಕ, ನಿಜದಲ್ಲಿ ತಲೆ ಗಾಳಿಯಲ್ಲಿ. ಬುಡದಲ್ಲಿ ಬಿಗಿಯಾಗಿ, ತಲೆಗೆ ಆಸರೆಯಿಲ್ಲದೆ ನಿಂತ 3 ಮೀಟರ್ ಗೋಡೆಯ ಬುಡಕ್ಕೆ ಬೀಳುವ ಬಾಗುಬಲ 40 ಕಿಲೋನ್ಯೂಟನ್-ಮೀಟರ್, ಎರಡೂ ತುದಿ ಹಿಡಿದಾಗ ಅತಿ ಹೆಚ್ಚೆಂದರೆ 16. ರ‍್ಯಾಂಪ್ ಮತ್ತು ಮೆಟ್ಟಿಲಿನ ಪಕ್ಕದ ಗೋಡೆಯ ಕಥೆಯೂ ಇದೇ, ಅಲ್ಲಿ ಸ್ಲ್ಯಾಬ್ ಇರುವುದಿಲ್ಲ. ಬಿರುಕು ಅಥವಾ ವಾಲಿಕೆ ಬರೀ ರ‍್ಯಾಂಪಿನ ಬದಿಯಲ್ಲಿದ್ದು ಉಳಿದ ಕಡೆ ಗೋಡೆ ಚೆನ್ನಾಗಿದ್ದರೆ ಇನ್ನೇನೂ ಹುಡುಕಬೇಡಿ.

ಎರಡನೆಯದು ಕಂಬಿ ಯಾವ ಮೈಯಲ್ಲಿದೆ ಎಂಬುದು. ತಲೆ-ಬುಡ ಹಿಡಿದ ಗೋಡೆಗೆ ಮುಖ್ಯ ಕಂಬಿ ಒಳಮೈಯಲ್ಲಿ, ತಲೆ ಬಿಟ್ಟ ಗೋಡೆಗೆ ಮಣ್ಣಿನ ಕಡೆ. ಒಂದೇ ಜಾಲಿ ಕಟ್ಟಿ ಗೋಡೆಯ ನಡುಮಧ್ಯೆ ನಿಲ್ಲಿಸಿದ್ದರೆ ಎರಡಕ್ಕೂ ಅರ್ಧಂಬರ್ಧ. ಕಂಬಿ ಪತ್ತೆ ಹಚ್ಚುವ ಕವರ್ ಮೀಟರನ್ನು ಬಾಡಿಗೆಗೆ ತರಿಸಬಹುದು. ಅದಿಲ್ಲದಿದ್ದರೆ ಎಂಜಿನಿಯರ್ ತೋರಿಸಿದ ಎರಡು ಜಾಗದಲ್ಲಿ ಸಣ್ಣಗೆ ಕೆತ್ತಿ ಕಂಬಿಯ ದಪ್ಪ, ಅಂತರ, ಆಳ ಅಳೆಯಬೇಕು. ಜೊತೆಗೆ ಡಿಸೈನ್ ಮಾಡಿದವರನ್ನು ಒಂದು ಮಾತು ಕೇಳಿ: ಮಣ್ಣಿನ ಒತ್ತಡವನ್ನು ಅರ್ಧ ಎಂದು ಹಿಡಿದಿರೋ ಮೂರನೇ ಒಂದು ಎಂದು ಹಿಡಿದಿರೋ? ಮೂರನೇ ಒಂದು ಎನ್ನುವುದು ಗೋಡೆಯ ತಲೆ ಕೆಲವು ಮಿಲಿಮೀಟರ್ ಮುಂದಕ್ಕೆ ಸರಿದು ಮಣ್ಣು ಸಡಿಲಗೊಂಡಾಗ ಮಾತ್ರ ನಿಜ. ಸ್ಲ್ಯಾಬ್ ಒತ್ತಿಹಿಡಿದ ಗೋಡೆ ಸರಿಯುವುದಿಲ್ಲ. ಅಲ್ಲಿ ಮೂರನೇ ಒಂದು ಹಿಡಿದರೆ 4 ಟನ್ ಇರುವಲ್ಲಿ 2.7 ಟನ್ನಿಗೆ ಕಟ್ಟಿದಂತಾಯಿತು.

ಮೂರನೆಯದು ಮಣ್ಣು ತುಂಬಿದ ಸಮಯ. ಸೈಟಿನಲ್ಲಿ ಓಡಾಡಲು ಜಾಗ ಬೇಕೆಂದು ಸ್ಲ್ಯಾಬ್ ಹಾಕುವ ಮೊದಲೇ ಗೋಡೆಯ ಹಿಂದೆ ಮಣ್ಣು ತುಂಬಿಬಿಡುತ್ತಾರೆ. ಒರಗಲು ಸ್ಲ್ಯಾಬೇ ಇಲ್ಲದ ಹೊತ್ತಿನಲ್ಲಿ ಗೋಡೆ ಪೂರ್ತಿ ಒತ್ತಡ ತಿಂದು ಬುಡದಲ್ಲಿ ಹಿಂಬದಿಗೆ ಸೀಳಿರುತ್ತದೆ, ಆಮೇಲೆ ಸ್ಲ್ಯಾಬ್ ಅದನ್ನು ಮುಚ್ಚುತ್ತದೆ. ಕೆಲಸ ಮಾಡಿಸಿದ ಮೇಸ್ತ್ರಿ ಸಿಕ್ಕರೆ ತುಂಬಿದ್ದು ಯಾವಾಗ, ತುಂಬಿದ್ದು ಏನು, ರೋಲರ್ ಓಡಿಸಿದರೇ ಎಂದು ವಿಚಾರಿಸಿ. ತಪ್ಪು ಹೊರಿಸುವ ದನಿಯಲ್ಲಿ ಕೇಳಿದರೆ ಉತ್ತರ ಸಿಗುವುದಿಲ್ಲ. ಗೋಡೆಗೆ ತಾಗಿಸಿ ಭಾರದ ರೋಲರ್ ಓಡಿಸಿದರೂ ಒತ್ತಡ ಹೆಚ್ಚಿ ಹಾಗೇ ಉಳಿದುಬಿಡುತ್ತದೆ.

ಎರೆಭೂಮಿಯಲ್ಲಿ ಲೆಕ್ಕವೇ ಬೇರೆ

ಹುಬ್ಬಳ್ಳಿ-ಧಾರವಾಡ, ಗದಗ, ವಿಜಯಪುರ, ಕಲಬುರಗಿ, ರಾಯಚೂರು ಕಡೆಯ ಕಪ್ಪು ಎರೆಮಣ್ಣಿಗೆ ಮೇಲಿನ ಅಂಕಿಗಳನ್ನು ಹಚ್ಚಬೇಡಿ. ಅದು ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಸೀಳುತ್ತದೆ. ಬೇಸಿಗೆಯ ಸೀಳಿನೊಳಗೆ ಮೇಲಿನ ಪುಡಿಮಣ್ಣು ಉದುರಿ ತುಂಬಿಕೊಳ್ಳುತ್ತದೆ, ಮಳೆ ಬಂದಾಗ ಉಬ್ಬಲು ಜಾಗವಿಲ್ಲದೆ ಗೋಡೆಯನ್ನು ಒತ್ತುತ್ತದೆ. ಇದು ವರ್ಷ ವರ್ಷವೂ ನಡೆಯುವುದರಿಂದ ಗೋಡೆ ಪ್ರತಿ ಮಳೆಗಾಲ ಒಂದಿಷ್ಟು ಒಳಕ್ಕೆ ಬರುತ್ತದೆ, ಹಿಂದಕ್ಕೆ ಹೋಗುವುದಿಲ್ಲ. ಪಾಯವೂ ಇದೇ ಮಣ್ಣಿನ ಮೇಲಿದ್ದರೆ ಮನೆಯ ಅಂಚುಗಳು ಮಳೆಯಲ್ಲಿ ಏಳುತ್ತವೆ, ಬೇಸಿಗೆಯಲ್ಲಿ ಇಳಿಯುತ್ತವೆ. ಬಾಗಿಲು ಮಳೆಗಾಲದಲ್ಲಿ ಬಿಗಿ, ಬೇಸಿಗೆಯಲ್ಲಿ ಸಡಿಲ ಎಂದು ಮನೆಯವರು ಹೇಳಿದರೆ ಮರ ಉಬ್ಬಿದ್ದರ ಜೊತೆ ಇದನ್ನೂ ಅನುಮಾನಿಸಿ.

ನಿಮ್ಮ ಮಣ್ಣು ಉಬ್ಬುವಂಥದೇ ಎಂದು ನೋಡಲು ಐಎಸ್ 2720ರ 40ನೇ ಭಾಗದಲ್ಲಿ ಹೇಳಿರುವ ಪರೀಕ್ಷೆ ಬಹಳ ಸರಳ. ಒಣಗಿಸಿ, ಪುಡಿ ಮಾಡಿ, 425 ಮೈಕ್ರಾನ್ ಜರಡಿಯಲ್ಲಿ ಸೋಸಿದ ಮಣ್ಣನ್ನು ಹತ್ತು ಹತ್ತು ಗ್ರಾಂ ತೂಗಿ, 100 ಮಿಲಿಯ ಎರಡು ಅಳತೆ ಗಾಜುಗಳಿಗೆ ಹಾಕಬೇಕು. ಒಂದರಲ್ಲಿ ಭಟ್ಟಿ ಇಳಿಸಿದ ನೀರು, ಇನ್ನೊಂದರಲ್ಲಿ ಸೀಮೆಎಣ್ಣೆ. ಕಡ್ಡಿಯಲ್ಲಿ ಕಲಕಿ ಗಾಳಿ ಗುಳ್ಳೆ ಬಿಡಿಸಿ ಒಂದು ದಿನ ಬಿಟ್ಟರೆ ಎರಡರಲ್ಲೂ ಮಣ್ಣು ತಳಕ್ಕೆ ಕೂರುತ್ತದೆ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ, ಹಾಗಾಗಿ ಅದೇ ಅಳತೆಗೋಲು. ಸೀಮೆಎಣ್ಣೆಯಲ್ಲಿ 10 ಮಿಲಿ, ನೀರಿನಲ್ಲಿ 18 ಮಿಲಿ ಬಂದರೆ ಉಬ್ಬುವಿಕೆ 80 ಶೇಕಡಾ. 50 ದಾಟಿದರೆ ಎಚ್ಚರ ವಹಿಸಬೇಕಾದ ಮಣ್ಣು. ಲ್ಯಾಬಿಗೆ ಕೊಡಿಸುವುದೇ ಸರಿ, ಆದರೆ ಮನೆಯಲ್ಲಿ ಮಾಡಿದರೂ ದಾರಿ ತಿಳಿಯುತ್ತದೆ.

ಇಂಥ ಕಡೆ ಗೋಡೆಯನ್ನು ದಪ್ಪ ಮಾಡುತ್ತಾ ಹೋಗುವುದಕ್ಕಿಂತ ಮಣ್ಣನ್ನು ಬದಲಿಸುವುದು ಮೇಲು. ಗೋಡೆಯ ಹಿಂದಿನ ಎರೆಮಣ್ಣು ತೆಗೆದು ಉಬ್ಬದ, ಅಂಟುಗುಣವಿರುವ ಗರಸು ಮಣ್ಣನ್ನು ಪದರ ಪದರವಾಗಿ ತುಂಬುವ ಕ್ರಮವನ್ನು ಐಐಟಿ ಬಾಂಬೆಯ ಪ್ರೊ. ಆರ್.ಕೆ. ಕಟ್ಟಿ ಅವರ ಸಂಶೋಧನೆ ಬಳಕೆಗೆ ತಂದಿತು. ಪಾಯಕ್ಕೆ ರೂರ್ಕಿಯ ಕೇಂದ್ರ ಕಟ್ಟಡ ಸಂಶೋಧನಾ ಸಂಸ್ಥೆ (ಸಿಬಿಆರ್‌ಐ) ಬೆಳೆಸಿದ ಅಂಡರ್‌ರೀಮ್ಡ್ ಪೈಲ್ ಇದೆ, ಅಂದರೆ ನೆಲದೊಳಗೆ ಇಳಿಸುವ, ಬುಡ ಅಗಲವಾದ ಕಾಂಕ್ರೀಟ್ ಕಂಬ. ತೇವ ಏರಿಳಿಯುವ ಆಳವನ್ನು ದಾಟಿ, ಸಾಮಾನ್ಯವಾಗಿ 3.5 ಮೀಟರಿನ ಸುಮಾರಿಗೆ ಅದು ಊರುತ್ತದೆ. ಎರೆಭೂಮಿಯಲ್ಲಿ ಹೊಸದಾಗಿ ಮನೆ ಕಟ್ಟುವವರು ಬೇಸ್‌ಮೆಂಟ್ ಬೇಕೇ ಎಂದು ನನ್ನನ್ನು ಕೇಳಿದರೆ ಬೇಡ ಎನ್ನುತ್ತೇನೆ.

ಗೋಡೆಯದಲ್ಲದ ದೋಷಗಳು

ಪಕ್ಕದ ಸೈಟಿನಲ್ಲಿ ನಿಮ್ಮ ಪಾಯಕ್ಕಿಂತ ಆಳಕ್ಕೆ ಅಗೆದಿದ್ದರೆ ಬಿರುಕು ಆ ಕಡೆಯ ಗೋಡೆಗಳಲ್ಲಿ ಓರೆಯಾಗಿ ಬರುತ್ತದೆ. ಮೊದಲು ಅಗೆತ ನಿಲ್ಲಬೇಕು, ಕಂದಕಕ್ಕೆ ಆಧಾರ ಬರಬೇಕು.

ಬೇಸ್‌ಮೆಂಟಿನ ನೆಲ ನಡುವೆ ಎದ್ದು ಬಿರುಕು ಬಿಟ್ಟಿದ್ದರೆ ಕೆಳಗಿನಿಂದ ನೀರು ಎತ್ತುತ್ತಿದೆ. 250 ಮಿಮೀ ಕಾಂಕ್ರೀಟ್ ನೆಲದ ತೂಕ ಚದರ ಮೀಟರಿಗೆ ಸುಮಾರು 625 ಕಿಲೋ. ನೆಲದ ತಳದಿಂದ 63 ಸೆಂಟಿಮೀಟರ್ ಮೇಲಕ್ಕೆ ನೀರಿನ ಮಟ್ಟ ಬಂದರೆ ಬರೀ ತೂಕದಿಂದ ಅದು ನಿಲ್ಲಲಾರದು.

ಕೊಡಗು, ಮಲೆನಾಡಿನಲ್ಲಿ ಗುಡ್ಡ ಕಡಿದು ಕಟ್ಟಿದ ಮನೆಯಾದರೆ ಗೋಡೆ ಬಿಟ್ಟು ಗುಡ್ಡ ಹತ್ತಿ. ಮೇಲೆ ನೆಲದಲ್ಲಿ ಬಿಲ್ಲಿನಾಕಾರದ ಸೀಳು ಕಂಡರೆ, ಮರಗಳು ವಾಲಿದ್ದರೆ, ಇಲ್ಲದಲ್ಲಿ ಹೊಸದಾಗಿ ಒರತೆ ಎದ್ದಿದ್ದರೆ ಸರಿಯುತ್ತಿರುವುದು ಇಡೀ ಬರೆ, ಅಂದರೆ ಗುಡ್ಡದ ಇಳಿಜಾರು. ಅದನ್ನು ಯಾವ ಮನೆಯ ಗೋಡೆಯೂ ತಡೆಯದು. 2018ರ ಆಗಸ್ಟಿನಲ್ಲಿ ಕೊಡಗು ಕಂಡದ್ದು ಅದನ್ನೇ. ಮನೆ ಬಿಟ್ಟು ಹೊರಡಿ, ತಾಲೂಕು ಆಡಳಿತಕ್ಕೆ ತಿಳಿಸಿ.

ದುರಸ್ತಿ, ಈ ಕ್ರಮದಲ್ಲಿ

ನೀರನ್ನು ಮೊದಲು ದೂರ ಮಾಡಿ. ಟೆರೇಸ್ ಪೈಪನ್ನು ಚರಂಡಿಗೋ ಸಂಪಿಗೋ ಒಯ್ಯಿರಿ, ಸೆಟ್‌ಬ್ಯಾಕಿನ ನೆಲವನ್ನು 50ಕ್ಕೆ 1ರಂತೆ ಮನೆಯಿಂದ ಹೊರಕ್ಕೆ ಇಳಿಜಾರು ಮಾಡಿ, ಗೋಡೆಯ ಅಂಚಿನ ಸಂದನ್ನು ಮುಚ್ಚಿ, ಇಂಗುಗುಂಡಿಯನ್ನು ಸೈಟಿನ ಇನ್ನೊಂದು ತುದಿಗೆ ಸಾಗಿಸಿ. ಎಷ್ಟೋ ಗೋಡೆಗಳಲ್ಲಿ ಇಷ್ಟಕ್ಕೇ ಬಿರುಕು ಬೆಳೆಯುವುದು ನಿಂತಿದೆ, ಖರ್ಚೂ ಎಲ್ಲಕ್ಕಿಂತ ಕಡಿಮೆ.

ಅದು ಸಾಲದಿದ್ದರೆ ಗೋಡೆಯ ಹಿಂದೆ ನೀರು ನಿಲ್ಲದಂತೆ ದಾರಿ ಮಾಡಬೇಕು. ಬೇಸಿಗೆಯಲ್ಲಿ ಎರಡು-ಮೂರು ಮೀಟರ್ ಉದ್ದದ ತುಂಡು ತುಂಡಾಗಿ, ಆಧಾರ ಕೊಟ್ಟು ಅಗೆಸಿ, ಗೋಡೆಯ ಹೊರಮೈಗೆ ಮೆಂಬ್ರೇನ್ ಹಚ್ಚಿ, ಬುಡದಲ್ಲಿ ತೂತಿನ ಪೈಪು ಇಟ್ಟು, 20 ಮಿಮೀ ಜಲ್ಲಿ ತುಂಬಿ, ನೀರು ಬಿಟ್ಟು ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆಯಲ್ಲಿ ಸುತ್ತಬೇಕು. ಪೈಪಿನ ಕೊನೆ ತಗ್ಗಿನ ಜಾಗಕ್ಕೆ, ಅದಿಲ್ಲದಿದ್ದರೆ ಪಂಪು ಇರುವ ಗುಂಡಿಗೆ. ಪಕ್ಕದ ಮನೆ ಮೂರಡಿ ದೂರದಲ್ಲಿದ್ದು ಅಗೆಯಲಾಗದಿದ್ದರೆ ಬುಡದಲ್ಲಿ ಗೋಡೆಗೆ ತೂತು ಕೊರೆದು, ಮಣ್ಣು ಬರದಂತೆ ಫಿಲ್ಟರ್ ಇಟ್ಟು, ಒಳಗೆ ಕಾಲುವೆ ಮಾಡಿ ಗುಂಡಿಗೆ ಬಿಡಬೇಕು. ಪಾರ್ಕಿಂಗಿನಲ್ಲಿ ಅಷ್ಟು ನೀರು ಹರಿದರೆ ನಷ್ಟವಿಲ್ಲ.

ಒಳಗಿನಿಂದ ಲೇಪ ಹಚ್ಚುವುದನ್ನು ನಾನು ಹೀಗೇಕೆ ತಡೆಯುತ್ತೇನೆಂದರೆ, ಸೋರುತ್ತಿರುವ ಗೋಡೆ ಆ ದಾರಿಯಲ್ಲಿ ತನ್ನ ಬೆನ್ನಿನ ಒತ್ತಡವನ್ನು ಒಂದಿಷ್ಟು ಇಳಿಸಿಕೊಳ್ಳುತ್ತಿರುತ್ತದೆ. ದಾರಿ ಮುಚ್ಚಿದರೆ ಹಿಂದಿನ ನೀರು ಇನ್ನೂ ಮೇಲೇರುತ್ತದೆ, ಕೊನೆಗೆ ಲೇಪವನ್ನೇ ಎಬ್ಬಿಸುತ್ತದೆ.

ಆನಂತರ ಬಲ ತುಂಬುವ ಕೆಲಸ, ಇದನ್ನು ಸ್ಟ್ರಕ್ಚರಲ್ ಎಂಜಿನಿಯರ್ ಲೆಕ್ಕವಿಲ್ಲದೆ ಮಾಡಿಸಬೇಡಿ. ಬ್ಲಾಕ್ ಗೋಡೆಗೆ ಒಳಗಡೆ ಹೊಸ ಕಾಂಕ್ರೀಟ್ ಗೋಡೆ ಕೊಟ್ಟು ಅದರ ಕಂಬಿಯನ್ನು ಕೆಳಗೆ ನೆಲಕ್ಕೂ ಮೇಲೆ ಬೀಮಿಗೂ ಕೊರೆದು ಕೂರಿಸುವುದು ಹೆಚ್ಚು ನಂಬಿಕೆಯ ದಾರಿ. ತಲೆಗೆ ಹಿಡಿತವಿಲ್ಲದ ಕಡೆ ಗೋಡೆಯ ಮೇಲಂಚಿನಲ್ಲಿ ಕಾಲಂನಿಂದ ಕಾಲಂಗೆ ಅಡ್ಡ ಬೀಮು ಕೊಡಬಹುದು, ಅಥವಾ ಅಲ್ಲಲ್ಲಿ ಆಸರೆಗೋಡೆ ಕಟ್ಟಬಹುದು. ಅಂದಾಜಿಗೆ ಹೇಳುವುದಾದರೆ, ತಲೆ-ಬುಡ ಹಿಡಿದ 3 ಮೀಟರ್ ಎತ್ತರದ 200 ಮಿಮೀ ಗೋಡೆಗೆ ಬರೀ ಮಣ್ಣಿಗಾದರೆ ಒಳಮೈಯಲ್ಲಿ 12 ಮಿಮೀ ಕಂಬಿ 250 ಮಿಮೀ ಅಂತರಕ್ಕೆ ಸಾಕಾಗುತ್ತದೆ. ಮೇಲಿನವರೆಗೆ ನೀರು ಎಂದು ಹಿಡಿದರೆ ಅದೇ ಕಂಬಿ 150 ಮಿಮೀಗೆ ಬರುತ್ತದೆ. ಮೀಟರಿಗೆ ಎರಡು-ಮೂರು ಕಂಬಿ ಹೆಚ್ಚು, ಅಷ್ಟೇ ವ್ಯತ್ಯಾಸ. ಕಟ್ಟುವಾಗಲೇ ನೀರನ್ನು ಲೆಕ್ಕಕ್ಕೆ ಸೇರಿಸಿ ಎಂದು ನಾನು ಪಟ್ಟು ಹಿಡಿಯುವುದು ಇದಕ್ಕೇ.

ಬಿರುಕು ತುಂಬುವುದು ಇದೆಲ್ಲ ಆದ ಮೇಲೆ. ಒಣಗಿದ, ಬೆಳವಣಿಗೆ ನಿಂತ ಬಿರುಕಿಗೆ ಎಪಾಕ್ಸಿ, ಒದ್ದೆ ಇರುವುದಕ್ಕೆ ಪಾಲಿಯುರೆಥೇನ್. ಗಾಜಿನ ಪಟ್ಟಿಗಳನ್ನು ತೆಗೆಯದೆ, ಒಡೆದಿದ್ದರೆ ಹೊಸದು ಅಂಟಿಸಿ, ತೂಗುಗುಂಡಿನ ಅದೇ ಮೂರು ಸಾಲುಗಳನ್ನು ಮತ್ತೊಂದು ಮಳೆಗಾಲ ಪೂರ್ತಿ ತಿಂಗಳಿಗೊಮ್ಮೆ ಅಳೆದು ಹಳೆಯ ಅಂಕಿಗಳ ಪಕ್ಕ ಬರೆಯಿರಿ. ನವೆಂಬರ್ ಕೊನೆಗೂ ಅಂಕಿ ಬದಲಾಗದೆ ಗಾಜು ಹಾಗೇ ಉಳಿದಿದ್ದರೆ ಪ್ಲಾಸ್ಟರಿಗೆ ಗಾರೆಯವರನ್ನು ಕರೆಸಬಹುದು.